ತೆರೆಯ ಮೇಲಿನ ವೀರನ ಬಲವನ್ನು ಅಳೆಯುವುದು ಹೇಗೆ?



ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ ನಮ್ಮ ಬಂಧುಗಳ ಮನೆಯಿದೆ. ಒಂದು ಬೇಸಿಗೆಯ ಸಂಜೆ ಮಾಳಿಗೆಗೆ ನೀರು ಹೊಡೆದು, ಬಿಸಿ ಆರಿದ ಮೇಲೆ ಕುಳಿತಿದ್ದೆವು. ಮನೆಯ ಇಬ್ಬರು ಹುಡುಗರು ಎರಡು ದಿನದಿಂದ ಮಾತು ಬಿಟ್ಟಿದ್ದರು. ಕಾರಣ ಕೇಳಿದರೆ ನಗು ಬರುತ್ತದೆ: ವಿಡಿಯೋ ಗೇಮಿನ ಸೋನಿಕ್.

“ಸೋನಿಕ್ ಶಬ್ದಕ್ಕಿಂತ ಜೋರ್ ಓಡ್ತಾನ” ಎಂದು ಪಿ.ಯು.ಸಿ. ಓದುವ ಅಣ್ಣನ ವಾದ. “ಯಾರು ಅಳದು ನೋಡ್ಯಾರ?” ಎಂದು ಹತ್ತನೆಯ ತರಗತಿಯ ತಮ್ಮನ ಪ್ರಶ್ನೆ. ಕೊನೆಗೆ ಇಬ್ಬರೂ ನನ್ನತ್ತ ತಿರುಗಿದರು. “ಮಾಮಾ, ನೀವು ಬಿ.ಎಸ್ಸಿ. ಓದೀರಿ, ದಿನಾ ಟಿ.ವಿ.ದಾಗ ಕೆಲಸ ಮಾಡ್ತೀರಿ. ನೀವೇ ಹೇಳ್ರಿ.”

ನಾನು ತೀರ್ಪು ಹೇಳಲಿಲ್ಲ. ತಮ್ಮನ ಪ್ರಶ್ನೆ ಬಹಳ ಒಳ್ಳೆಯದಾಗಿತ್ತು. ಅಳೆದು ನೋಡಬಹುದಲ್ಲ! ಬನ್ನಿ, ನಾವೂ ಅಳೆಯೋಣ.

ವೇಗವನ್ನು ಅಳೆಯಲು ಎರಡೇ ಸಾಧನ ಬೇಕು: ಒಂದು ಅಳತೆಗೋಲು, ಒಂದು ಗಡಿಯಾರ. ತೆರೆಯ ಮೇಲೆ ಎರಡೂ ಸಿಗುತ್ತವೆ. ಚಲಿಸುವ ಚಿತ್ರವೆಂದರೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳ ಸಾಲು. ನಮ್ಮ ದೂರದರ್ಶನದಲ್ಲಿ ಸೆಕೆಂಡಿಗೆ 25 ಚಿತ್ರಗಳು ಸಾಗುತ್ತವೆ. 1991ರಲ್ಲಿ ಬಂದ ಸೋನಿಕ್‌ನ ಮೊದಲ ಆಟದಲ್ಲಿ, ಅಮೆರಿಕ ಮತ್ತು ಜಪಾನಿನ ಯಂತ್ರಗಳ ಮೇಲೆ, ಸೆಕೆಂಡಿಗೆ ಸುಮಾರು 60. ಇದು ನಮ್ಮ ಗಡಿಯಾರ.

ಇನ್ನು ಅಳತೆಗೋಲು. ಆಟದ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚುಕ್ಕಿಗಳಿಂದ ಆಗಿದೆ. ನಿಂತ ಸೋನಿಕ್ ಸುಮಾರು 40 ಚುಕ್ಕಿ ಎತ್ತರ. ಆಟ ತಯಾರಿಸಿದ ಸೇಗಾ ಸಂಸ್ಥೆ ಅವನ ಎತ್ತರ 1 ಮೀಟರ್ ಎಂದು ಹೇಳಿದೆ. ಅಂದರೆ 40 ಚುಕ್ಕಿಗೆ 1 ಮೀಟರ್.

ಸಮತಟ್ಟಾದ ನೆಲದ ಮೇಲೆ ತನ್ನ ಕಾಲ ಬಲದಿಂದಲೇ ಓಡುವಾಗ ಅವನು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಹೆಚ್ಚೆಂದರೆ 6 ಚುಕ್ಕಿ ಮುಂದೆ ಸಾಗುತ್ತಾನೆ. ಸೆಕೆಂಡಿಗೆ 60 ಚಿತ್ರವಾದರೆ 360 ಚುಕ್ಕಿ. ಅದನ್ನು 40ರಿಂದ ಭಾಗಿಸಿ. ಉತ್ತರ ಸೆಕೆಂಡಿಗೆ 9 ಮೀಟರ್, ಗಂಟೆಗೆ ಸುಮಾರು 32 ಕಿಲೋಮೀಟರ್!

2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. ಸರಾಸರಿ ಸೆಕೆಂಡಿಗೆ 10.4 ಮೀಟರ್. ನಮ್ಮ ‘ಶಬ್ದವೇಗಿ’ ಮನುಷ್ಯನಿಗಿಂತ ಹಿಂದೆ ಬಿದ್ದ.

ತಮ್ಮ ಚಪ್ಪಾಳೆ ತಟ್ಟಿದ. ಅಣ್ಣ ಸುಮ್ಮನಿರಲಿಲ್ಲ: “ಇಳಿಜಾರಿನಾಗ ಇನ್ನೂ ಜೋರ್ ಹೋಗ್ತಾನ.” ನಿಜವೇ. ಆದರೆ ವೇಗ ಮೂರು ಪಟ್ಟಾದರೂ ಸೆಕೆಂಡಿಗೆ 27 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್.

ಹಾಗಾದರೆ ಆಟ ಮಾಡಿದವರು ಸುಳ್ಳು ಹೇಳಿದರೇ? ಇಲ್ಲಿಯೇ ಸ್ವಾರಸ್ಯವಿದೆ. ಸೋನಿಕ್ ನಿಜಕ್ಕೂ ಶಬ್ದದ ವೇಗದಲ್ಲಿ ಓಡಿದರೆ ಏನಾಗುತ್ತದೆ, ಲೆಕ್ಕ ಹಾಕಿ. 340 ಮೀಟರ್ ಎಂದರೆ 13,600 ಚುಕ್ಕಿ. ಆ ಆಟದ ತೆರೆಯ ಅಗಲ 320 ಚುಕ್ಕಿ. ಒಂದು ಸೆಕೆಂಡಿನಲ್ಲಿ 42 ತೆರೆಗಳು ದಾಟಿಹೋಗುತ್ತವೆ! ಎದುರಿನ ಮುಳ್ಳು ಕಾಣುವ ಮೊದಲೇ ಆಟ ಮುಗಿದಿರುತ್ತದೆ. ಆದ್ದರಿಂದ ತೆರೆಯ ಮೇಲಿನ ವೇಗವನ್ನು ನಿರ್ಧರಿಸಿದ್ದು ಸೋನಿಕ್‌ನ ಕಾಲುಗಳಲ್ಲ, ಆಡುವವರ ಕಣ್ಣು ಮತ್ತು ಬೆರಳು. ಕಥೆಯ ಸೋನಿಕ್ ಬೇರೆ, ಆಟದ ಸೋನಿಕ್ ಬೇರೆ. ಅಣ್ಣ ಒಬ್ಬನ ಬಗ್ಗೆ ಮಾತನಾಡುತ್ತಿದ್ದ, ತಮ್ಮ ಇನ್ನೊಬ್ಬನನ್ನು ನೋಡುತ್ತಿದ್ದ. ಎರಡು ದಿನದ ಜಗಳ ಹುಟ್ಟಿದ್ದು ಇಲ್ಲಿಂದ.

ಇಂಥ ವಾದ ಹೊಸದೇನಲ್ಲ. ಭೀಮ ಹೆಚ್ಚೋ ದುರ್ಯೋಧನ ಹೆಚ್ಚೋ ಎಂದು ಕೇಳಿದಾಗ ಮಹಾಭಾರತದ ಕೃಷ್ಣ ಒಂದೇ ಮಾತಿನಲ್ಲಿ ಉತ್ತರ ಕೊಡುವುದಿಲ್ಲ. ಬಲದಲ್ಲಿ ಭೀಮ, ಅಭ್ಯಾಸದಲ್ಲಿ ದುರ್ಯೋಧನ ಎಂದು ಬಿಡಿಸಿ ಹೇಳುತ್ತಾನೆ. ನಮ್ಮ ಕಲಬುರಗಿ ಕೋಟೆಯ ಬಾರಾ ಗಜಿ ತೋಪನ್ನೇ ನೋಡಿ. ಅದರ ಉದ್ದ 29 ಅಡಿ ಎಂದು ಹೆಮ್ಮೆಯಿಂದ ಹೇಳುತ್ತೇವೆ. ವಿಜಯಪುರದ ಮಲಿಕ್-ಎ-ಮೈದಾನ್ ಉದ್ದದಲ್ಲಿ ಅದರ ಅರ್ಧದಷ್ಟು. ಆದರೆ ತೂಕ ಸುಮಾರು 55 ಟನ್. ಯಾವುದು ದೊಡ್ಡದು? ಉದ್ದವನ್ನು ಕೇಳಿದರೆ ಒಂದು ಉತ್ತರ, ತೂಕವನ್ನು ಕೇಳಿದರೆ ಇನ್ನೊಂದು. ಗುಂಡು ಎಷ್ಟು ದೂರ ಹಾರುತ್ತದೆ ಎಂಬುದು ಮೂರನೆಯ ಪ್ರಶ್ನೆ; ಉದ್ದವನ್ನೋ ತೂಕವನ್ನೋ ತೋರಿಸಿ ಅದಕ್ಕೆ ಉತ್ತರ ಹೇಳಲಾಗದು.

ಆದ್ದರಿಂದ ವಾದಕ್ಕೆ ಇಳಿಯುವ ಮುನ್ನ ಮೂರು ಮಾತು ಗಟ್ಟಿಮಾಡಿಕೊಳ್ಳಿ. ಒಂದು, ಯಾವ ಆಟದ, ಯಾವ ವರ್ಷದ ಪಾತ್ರ? ಎರಡು, ಸಾಕ್ಷಿ ಯಾವುದು: ಕಥೆ ಹೇಳಿದ್ದೋ, ತೆರೆಯ ಮೇಲೆ ಕಂಡದ್ದೋ? ಮೂರು, ಅಳತೆಗೋಲು ಯಾವುದು? ಸೋನಿಕ್‌ನ ಎತ್ತರ 2 ಮೀಟರ್ ಎಂದುಕೊಂಡರೆ ಅವನ ವೇಗವೂ ಇಮ್ಮಡಿಯಾಗುತ್ತದೆ ಎಂಬುದನ್ನು ಮರೆಯಬೇಡಿ. ಇಬ್ಬರೂ ಈ ಮೂರನ್ನು ಒಪ್ಪಿಕೊಂಡರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಉಳಿದರ್ಧ ಲೆಕ್ಕ. ಜಾಹೀರಾತಿನಲ್ಲಿ ‘ಎರಡು ಪಟ್ಟು ಶಕ್ತಿ’ ಎಂದು ಕೇಳಿದಾಗಲೂ ಇದೇ ಪ್ರಶ್ನೆ ಹಾಕಿ: ಯಾವುದಕ್ಕಿಂತ ಎರಡು ಪಟ್ಟು? ಅಳೆದವರು ಯಾರು?

ಕೊನೆಗೆ ನಿಮಗೊಂದು ಕೆಲಸ. 1985ರ ಸೂಪರ್ ಮಾರಿಯೋ ಆಟದ ಪುಟ್ಟ ಮಾರಿಯೋ ತನ್ನ ಎತ್ತರದ ಸುಮಾರು ನಾಲ್ಕರಷ್ಟು ಮೇಲೆ ಹಾರುತ್ತಾನೆ. ಅವನ ಎತ್ತರ ಒಂದೂವರೆ ಮೀಟರ್ ಎಂದುಕೊಂಡರೆ ಅದು 6 ಮೀಟರ್. ನಮ್ಮ ಭೂಮಿಯ ಮೇಲೆ ಅಷ್ಟು ಎತ್ತರದಿಂದ ಕೆಳಗೆ ಬೀಳಲು ಸುಮಾರು 1.1 ಸೆಕೆಂಡ್ ಬೇಕು. ಮೊಬೈಲಿನಲ್ಲಿ ಆಟವನ್ನು ಚಿತ್ರಿಸಿಕೊಂಡು, ಮಾರಿಯೋ ತುದಿಯಿಂದ ನೆಲಕ್ಕೆ ಬರಲು ಎಷ್ಟು ಚಿತ್ರಗಳಾದವು ಎಂದು ಎಣಿಸಿ. ಅವನು ಇನ್ನೂ ಬೇಗ ಬಿದ್ದರೆ ಆ ಲೋಕದ ಗುರುತ್ವಾಕರ್ಷಣೆ ನಮ್ಮದಕ್ಕಿಂತ ಹೆಚ್ಚು ಎಂದರ್ಥ. ಎಷ್ಟು ಪಟ್ಟು ಎಂಬುದನ್ನು ನೀವೇ ಕಂಡುಹಿಡಿಯಿರಿ.

ಖೂಬಾ ಪ್ಲಾಟ್‌ನ ಮಾಳಿಗೆಯ ಮೇಲೆ ಆ ಇಬ್ಬರೂ ಅಂದು ರಾತ್ರಿ ಊಟಕ್ಕೆ ಕರೆದರೂ ಇಳಿಯಲಿಲ್ಲ. ಅಣ್ಣ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಿದ್ದ, ತಮ್ಮ ಎಣಿಸುತ್ತಿದ್ದ.