ಕಡಲ್ಗಳ್ಳರ ಬೆನ್ನ ಹಿಂದೆ ಯಾರಿದ್ದಾರೆ?

ಕಡಲ್ಗಳ್ಳರು ಅಂದ ಕೂಡಲೇ ನಮಗೆ ಸೊಮಾಲಿಯಾ ನೆನಪಾಗುತ್ತದೆ. ಆದರೆ ಮಗನನ್ನೋ ಗಂಡನನ್ನೋ ಮರ್ಚೆಂಟ್ ನೇವಿಗೆ ಕಳಿಸಿರುವ ನಮ್ಮ ಕರಾವಳಿಯ ಮನೆಯವರನ್ನು ಕೇಳಿ ನೋಡಿ. "ಸಿಂಗಾಪುರ ದಾಟಿದನಂತೆ" ಅನ್ನೋ ಫೋನ್ ಬಂದ ಮೇಲೇ ಅವರಿಗೆ ನೆಮ್ಮದಿ.

ಮಲಾಕ್ಕಾ ಜಲಸಂಧಿ ಸುಮಾರು 800 ಕಿ.ಮೀ. ಉದ್ದ, ಸಿಂಗಾಪುರದ ಹತ್ತಿರ ಅದರ ಅಗಲ ಮೂರು ಕಿ.ಮೀ.ಗಿಂತಲೂ ಕಡಿಮೆ. ಹಡಗು ನಿಧಾನ ಮಾಡಲೇಬೇಕು. ರಾತ್ರಿ ಹೊತ್ತು ಸಣ್ಣ ದೋಣಿಯಲ್ಲಿ ಬಂದು, ಹಗ್ಗಕ್ಕೆ ಕೊಕ್ಕೆ ಕಟ್ಟಿ ಎಸೆದು ಹತ್ತಿಬಿಡುತ್ತಾರೆ.

1999ರ ಅಕ್ಟೋಬರ್‌ನಲ್ಲಿ ಜಪಾನಿನವರ 'ಅಲೊಂಡ್ರಾ ರೇನ್‌ಬೋ' ಹಡಗು 7,000 ಟನ್ ಅಲ್ಯೂಮಿನಿಯಂ ತುಂಬಿಕೊಂಡು ಇಂಡೊನೇಷ್ಯಾದಿಂದ ಹೊರಟಿತು. ಹೊರಟ ಸ್ವಲ್ಪ ಹೊತ್ತಿಗೇ ಕಳ್ಳರು ಹತ್ತಿದರು. 17 ಜನ ಸಿಬ್ಬಂದಿಯನ್ನು ಕೆಲವು ದಿನ ಒತ್ತೆ ಇಟ್ಟುಕೊಂಡು, ಆಮೇಲೆ ಒಂದು ರಬ್ಬರ್ ತೆಪ್ಪದಲ್ಲಿ ಕೂರಿಸಿ ನಡುಸಮುದ್ರದಲ್ಲಿ ಬಿಟ್ಟರು. ಸುಮಾರು ಹತ್ತು ದಿನ ತೇಲಿದ ಮೇಲೆ ಥಾಯ್ಲೆಂಡಿನ ಮೀನುಗಾರರ ಕಣ್ಣಿಗೆ ಬಿದ್ದು ಬದುಕಿಕೊಂಡರು, ಪುಣ್ಯ. ಅಷ್ಟರಲ್ಲಿ ಹಡಗಿಗೆ ಹೊಸ ಬಣ್ಣ, ಹೊಸ ಧ್ವಜ, 'ಮೆಗಾ ರಾಮಾ' ಅಂತ ಹೊಸ ಹೆಸರು! ಅದನ್ನು ಅರಬ್ಬಿ ಸಮುದ್ರದಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿದದ್ದು ನಮ್ಮ ಕರಾವಳಿ ರಕ್ಷಣಾ ಪಡೆ ಮತ್ತು ನೌಕಾಪಡೆ. ಒಳಗೆ ನೋಡಿದರೆ ಅರ್ಧದಷ್ಟು ಸರಕು ಮಾಯ. ಅದರಲ್ಲಿ 3,000 ಟನ್ ಫಿಲಿಪ್ಪೀನ್ಸ್‌ನಲ್ಲಿ ಪತ್ತೆಯಾಯಿತು.

ಅಷ್ಟೊಂದು ಲೋಹವನ್ನು ಯಾರೂ ಚೀಲದಲ್ಲಿ ಹೊತ್ತು ತರುವುದಿಲ್ಲ. ಅದಕ್ಕೆ ಕ್ರೇನ್ ಬೇಕು, ಗೋದಾಮು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸೀಲು ಬಿದ್ದ ಕಾಗದ ಬೇಕು. ಆ ಸೀಲು ಕಳ್ಳರ ಕೈಯಲ್ಲಿರುವುದಿಲ್ಲ, ದಡದಲ್ಲಿ ಕುಳಿತವರ ಮೇಜಿನ ಮೇಲಿರುತ್ತದೆ.

ಅದಕ್ಕೂ ಒಂದು ವರ್ಷ ಮೊದಲು, 1998ರ ಏಪ್ರಿಲ್‌ನಲ್ಲಿ ಸಿಂಗಾಪುರದಿಂದ ವಿಯೆಟ್ನಾಮಿಗೆ ಹೊರಟ 'ಪೆಟ್ರೋ ರೇಂಜರ್' ಅನ್ನೋ ತೈಲ ಹಡಗಿನ ಕಥೆ ಇನ್ನೂ ವಿಚಿತ್ರ. ಕಳ್ಳರು ಅದರ ತೈಲವನ್ನು ಬೇರೆ ಹಡಗುಗಳಿಗೆ ಸುರಿದುಕೊಂಡು, ಚೀನಾದ ಹೈನಾನ್‌ಗೆ ಒಯ್ದರು. ಅಲ್ಲಿ ಸಿಕ್ಕಿಬಿದ್ದರು ಕೂಡ. ಆದರೆ ಆದದ್ದೇನು? ದರೋಡೆಗೊಳಗಾದ ಕ್ಯಾಪ್ಟನ್ ಮತ್ತು ಸಿಬ್ಬಂದಿಗೆ ವಾರಗಟ್ಟಲೆ ದಿಗ್ಬಂಧನ, ವಿಚಾರಣೆ. ಉಳಿದ ತೈಲ ಮುಟ್ಟುಗೋಲು. ಕಳ್ಳರನ್ನು ಮಾತ್ರ ಅವರ ಊರಿಗೆ ಕಳಿಸಿಕೊಟ್ಟರು! ಅದೇ ವರ್ಷ ನವೆಂಬರ್‌ನಲ್ಲಿ 'ಚೆಂಗ್ ಸನ್' ಹಡಗನ್ನು ಹತ್ತಿದವರು ಕಸ್ಟಮ್ಸ್ ಅಧಿಕಾರಿಗಳ ವೇಷದಲ್ಲಿದ್ದರು. 23 ನಾವಿಕರನ್ನೂ ಕೊಂದು ಸಮುದ್ರಕ್ಕೆ ಎಸೆದರು. ಆ ಪ್ರಕರಣದಲ್ಲಿ ಮಾತ್ರ ಚೀನಾ 13 ಜನರಿಗೆ ಮರಣದಂಡನೆ ಕೊಟ್ಟಿತು.

ಸಮವಸ್ತ್ರ ಕಂಡರೂ ಏಣಿ ಇಳಿಸಬೇಕೋ ಬೇಡವೋ ಅಂತ ನಾವಿಕ ಯೋಚಿಸುವುದು ಸುಮ್ಮನೆ ಅಲ್ಲ. ನಿಜವಾದ ಅಧಿಕಾರಿ ಬಂದರೂ ಸಿಗರೇಟಿನ ಪೆಟ್ಟಿಗೆ ಸಿದ್ಧ ಇಡಬೇಕು. ಸೂಯೆಜ್ ಕಾಲುವೆಗೆ ನಾವಿಕರು 'ಮಾರ್ಲ್‌ಬೊರೊ ಕಾಲುವೆ' ಅಂತಲೇ ಅಡ್ಡಹೆಸರು ಇಟ್ಟಿದ್ದಾರೆ. ದೂರು ಕೊಟ್ಟರೆ ತನಿಖೆಗೆಂದು ಹಡಗು ನಿಲ್ಲಬೇಕು, ನಿಂತ ಪ್ರತಿ ದಿನವೂ ನಷ್ಟ. ಹಾಗಾಗಿ ಎಷ್ಟೋ ಕಳ್ಳತನ ದಾಖಲೆಗೇ ಹೋಗುವುದಿಲ್ಲ.

ನಾವು ಹಿಡಿದ ಕಳ್ಳರ ಗತಿ ಏನಾಯಿತು ಅಂತೀರಾ? ಆ ಇಂಡೊನೇಷ್ಯದವರಿಗೆ 2003ರಲ್ಲಿ ಮುಂಬೈ ನ್ಯಾಯಾಲಯ ಶಿಕ್ಷೆ ಕೊಟ್ಟಿತು, 2005ರಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು. ಕಡಲ್ಗಳ್ಳತನಕ್ಕೆಂದೇ ಒಂದು ಕಲಮು ನಮ್ಮ ದಂಡಸಂಹಿತೆಯಲ್ಲಿ ಇರಲಿಲ್ಲ. ಪ್ರತ್ಯೇಕ ಕಾನೂನನ್ನು ಸಂಸತ್ತು ಒಪ್ಪಿದ್ದು 2022ರ ಡಿಸೆಂಬರ್‌ನಲ್ಲಿ, ಆ ಹಡಗನ್ನು ಹಿಡಿದ 23 ವರ್ಷಗಳ ಮೇಲೆ.