ಸ್ಕೂಟರಿನ ಟಯರನ್ನು ಮನೆಯಲ್ಲಿಯೇ ರಿಮ್ಮಿಗೆ ಏರಿಸುವ ಕ್ರಮ

ಮೈಸೂರಿನ ರಾಮಕೃಷ್ಣನಗರದಲ್ಲಿ ಸ್ಕೂಟರು ನಿಲ್ಲದ ಮನೆಯಂಗಳವು ಅಪೂರ್ವವೆಂದೇ ಹೇಳಬೇಕು. ಕಛೇರಿಗೆ ಹೋಗುವ ತಾಯಂದಿರೂ, ಮಾನಸಗಂಗೋತ್ರಿಗೆ ವ್ಯಾಸಂಗಕ್ಕಾಗಿ ಹೋಗುವ ತರುಣಿಯರೂ ಆಂದೋಲನ ವೃತ್ತವನ್ನು ದಿನವೂ ತಮ್ಮ ತಮ್ಮ ವಾಹನಗಳಲ್ಲಿಯೇ ಹಾದುಹೋಗುತ್ತಾರೆ. ವಾಹನವನ್ನು ನಡೆಸಬಲ್ಲವರು ಇವರೆಲ್ಲರೂ. ಅದರ ಚಕ್ರದ ಮರ್ಮವನ್ನು ತಿಳಿದವರೋ ಬಹು ಕೆಲವರು. ಟಯರನ್ನು ಬಿಚ್ಚಿ ಹಾಕುವುದು ತೋಳ್ಬಲದ ಕೆಲಸ, ಅದು ಹೆಣ್ಣುಮಕ್ಕಳಿಂದಾಗದು ಎಂಬ ನಂಬಿಕೆಯೇ ಇದಕ್ಕೆ ಕಾರಣವೆಂದು ತೋರುತ್ತದೆ. ಈ ನಂಬಿಕೆಯು ಸರಿಯಲ್ಲವೆಂಬುದನ್ನೂ, ಈ ಕೆಲಸದಲ್ಲಿ ಬಲವನ್ನು ಹೆಚ್ಚಿಸಿದಷ್ಟೂ ಕೇಡೇ ಹೆಚ್ಚುವುದೆಂಬುದನ್ನೂ ವಾಚಕಿಯರ ಮುಂದಿಡಬೇಕೆಂದಿದ್ದೇವೆ. ಇಂದಿನ ಸಾಮಾನ್ಯ ಸ್ಕೂಟರನ್ನು ನಡೆಸುವ ಪರವಾನಗಿಯು 18 ವರ್ಷ ತುಂಬುವ ಮೊದಲು ದೊರೆಯದು. ಆದರೆ ಚಕ್ರದ ಪಾಠಕ್ಕೆ ಅಷ್ಟು ಕಾಯಬೇಕಾದುದಿಲ್ಲ. ಹಿರಿಯರ ಎದುರಿನಲ್ಲಿ ಹೈಸ್ಕೂಲಿನ ಬಾಲಿಕೆಯೂ ಇದನ್ನು ಕಲಿಯಬಹುದು.

ಗಾಳಿ ತುಂಬಿದ ಟಯರಿನ ಕಲ್ಪನೆಗೆ ಮೊದಲು ಹಕ್ಕುಪತ್ರವನ್ನು ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. ಅದು 1845ನೆಯ ಇಸವಿ. ಅದು ಬಳಕೆಗೆ ಬರಲಿಲ್ಲ. ಬೆಲ್‌ಫಾಸ್ಟ್ ನಗರದ ಪಶುವೈದ್ಯನಾದ ಜಾನ್ ಬಾಯ್ಡ್ ಡನ್‌ಲಪ್ ಎಂಬವನು ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಅದನ್ನೇ ಹೊಸದಾಗಿ ಕಂಡುಹಿಡಿದು, 1888ರಲ್ಲಿ ಹಕ್ಕುಪತ್ರವನ್ನು ಪಡೆದ ಮೇಲೆಯೇ ಅದು ಲೋಕಪ್ರಸಿದ್ಧವಾಯಿತು. ಈ ವಿದ್ಯೆಯು ನಮ್ಮ ಊರಿಗೆ ಹೊಸದೇನೂ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಮೋಟಾರು ಸೈಕಲ್ಲುಗಳನ್ನು ತಯಾರಿಸಿತು; ಇಲ್ಲಿಯ ವಿಕ್ರಾಂತ್ ಟಯರು ಕಾರ್ಖಾನೆಯು 1997ರಲ್ಲಿ ಜೆ.ಕೆ. ಟಯರ್ ಸಂಸ್ಥೆಯ ಕೈಸೇರಿತು. ಟಯರನ್ನು ತಯಾರಿಸುವ ಊರಿನ ಹೆಣ್ಣುಮಕ್ಕಳಿಗೆ ಅದನ್ನು ತೊಡಿಸುವ ಬಗೆಯೂ ತಿಳಿದಿರುವುದು ಯುಕ್ತವಲ್ಲವೆ?

ಇನ್ನು ಮುಖ್ಯವಾದ ತತ್ತ್ವವನ್ನು ವಿಚಾರಿಸೋಣ. ಟಯರಿನ ಎರಡು ಅಂಚುಗಳಲ್ಲಿಯೂ ಉಕ್ಕಿನ ತಂತಿಯ ಬಳೆಯೊಂದು ರಬ್ಬರಿನೊಳಗೆ ಹುದುಗಿದೆ. ರಬ್ಬರು ಹಿಗ್ಗುವುದು, ಈ ಬಳೆ ಹಿಗ್ಗದು. ರಿಮ್ಮಿನ ಹೊರಗಟ್ಟು ಈ ಬಳೆಗಿಂತ ದೊಡ್ಡದು. ಹಾಗಾದರೆ ಚಿಕ್ಕ ಬಳೆಯು ದೊಡ್ಡ ಗಟ್ಟನ್ನು ದಾಟುವುದು ಹೇಗೆ? ಗಾಜಿನ ಬಳೆ ತೊಡಿಸುವ ಬಳೆಗಾರನನ್ನು ನೆನೆಯಿರಿ. ಅವನು ಬಳೆಯನ್ನು ಎಳೆದು ದೊಡ್ಡದು ಮಾಡುವುದಿಲ್ಲ. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಕೈಯನ್ನೇ ಚಿಕ್ಕದು ಮಾಡುತ್ತಾನೆ. ಇಲ್ಲಿಯೂ ಅದೇ ಉಪಾಯ. ರಿಮ್ಮಿನ ನಡುವೆ ಸುತ್ತಲೂ ಕಾಲುವೆಯಂತಹ ತಗ್ಗು ಉಂಟು. ಅಂಚಿನ ಒಂದು ಪಕ್ಕವನ್ನು ಆ ತಗ್ಗಿಗೆ ಇಳಿಸಿದರೆ, ಎದುರು ಪಕ್ಕದಲ್ಲಿ ಅಷ್ಟು ಸಡಿಲವು ದೊರೆತು, ಅಂಚು ಗಟ್ಟನ್ನು ಸುಲಭವಾಗಿ ದಾಟುವುದು. ಟಯರು ಬಾರದೆ ಹಟ ಮಾಡಿದಾಗಲೆಲ್ಲ ಎದುರು ಪಕ್ಕವು ತಗ್ಗಿನಿಂದ ಮೇಲೆ ಬಂದಿದೆ ಎಂದು ತಿಳಿಯತಕ್ಕದ್ದು. ಆಗ ಇನ್ನೂ ಬಲವಾಗಿ ಮೀಟಿದರೆ ಒಳಗಿನ ತಂತಿ ಮುರಿಯುವುದು. ತಂತಿ ಮುರಿದ ಟಯರು ಗಾಳಿ ತುಂಬುವಾಗಲೋ ದಾರಿಯಲ್ಲಿಯೋ ರಿಮ್ಮಿನಿಂದ ಕಿತ್ತುಹೋಗಿ ಪ್ರಾಣಕ್ಕೇ ಅಪಾಯವನ್ನು ತರಬಹುದು.

ಟಯರನ್ನು ಕೊಳ್ಳುವಾಗ ಅದರ ಪಕ್ಕದಲ್ಲಿರುವ ಬರವಣಿಗೆಯನ್ನು ಓದಬೇಕು. 90/100-10 ಎಂದಿದ್ದರೆ ಅಗಲವು 90 ಮಿಲಿಮೀಟರು, ಎತ್ತರವು ಅಗಲದ ನೂರಕ್ಕೆ ನೂರರಷ್ಟು, ರಿಮ್ಮಿನ ವ್ಯಾಸವು 10 ಅಂಗುಲ ಎಂದರ್ಥ. ಹಳೆಯ ಟಯರಿನ ಅಳತೆಯೂ ಹೊಸದರ ಅಳತೆಯೂ ಒಂದೇ ಆಗಿರಬೇಕು. ತಯಾರಾದ ಕಾಲವನ್ನು ನಾಲ್ಕು ಅಂಕೆಗಳಲ್ಲಿ ಅಚ್ಚೊತ್ತಿರುತ್ತಾರೆ. 3524 ಎಂದರೆ 2024ನೆಯ ವರ್ಷದ 35ನೆಯ ವಾರ. ತಿರುಗುವ ದಿಕ್ಕನ್ನು ತೋರಿಸುವ ಬಾಣದ ಗುರುತಿದ್ದರೆ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳತಕ್ಕದ್ದು.

ಬೇಕಾದ ಸಾಮಗ್ರಿಗಳು ಸ್ವಲ್ಪವೇ: ತುದಿ ದುಂಡಗಿರುವ ಎರಡು ಮೂರು ಟಯರ್ ಲಿವರುಗಳು, ವಾಲ್ವಿನ ಒಳಪಿನ್ನನ್ನು ತೆಗೆಯುವ ಕೀಲಿ, ಸ್ಪ್ಯಾನರುಗಳು, ಗಾಳಿಯ ಪಂಪು, ಗಾಳಿಯ ಒತ್ತಡವನ್ನು ಅಳೆಯುವ ಗೇಜು, ಸೋಪಿನ ನೀರು, ನೆಲಕ್ಕೆ ಹಾಸಲು ಹಳೆಯ ಗೋಣಿಚೀಲ. ಸೋಪಿನ ನೀರಿಗೆ ಬದಲಾಗಿ ಸೀಮೆಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಬಳಿಯಬಾರದು. ಅವು ರಬ್ಬರನ್ನು ಕೆಡಿಸುವುವು. ಹಿಂದಿನ ಚಕ್ರವನ್ನು ಹೊರತೆಗೆಯಲು ಅನೇಕ ಸ್ಕೂಟರುಗಳಲ್ಲಿ ಸೈಲೆನ್ಸರನ್ನೂ ಬಿಚ್ಚಬೇಕಾಗುವುದು. ಆದುದರಿಂದ ಹೊಸಬರು ಮೆಕ್ಯಾನಿಕ್ಕಿನಿಂದ ಚಕ್ರವನ್ನು ಬಿಚ್ಚಿಸಿಕೊಂಡು, ಟಯರಿನ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡುವುದು ಮೇಲು.

ಮೊದಲು ವಾಲ್ವಿನ ಪಿನ್ನನ್ನು ತೆಗೆದು ಗಾಳಿಯನ್ನೆಲ್ಲ ಹೊರಬಿಡಬೇಕು. ಬಹುಕಾಲ ಕುಳಿತ ಟಯರಿನ ಅಂಚು ರಿಮ್ಮಿಗೆ ಅಂಟಿಕೊಂಡಿರುತ್ತದೆ. ಸೋಪಿನ ನೀರನ್ನು ಹಚ್ಚಿ, ರಿಮ್ಮಿನ ಸಮೀಪದಲ್ಲಿ ಟಯರನ್ನು ಸುತ್ತಲೂ ಹಿಮ್ಮಡಿಯಿಂದ ಒತ್ತುತ್ತ ಬಂದರೆ ಅಂಚು ಬಿಟ್ಟುಕೊಳ್ಳುವುದು, ಸುತ್ತಿಗೆಯಿಂದ ಹೊಡೆಯಬಾರದು. ಬಳಿಕ ವಾಲ್ವಿನ ಸಮೀಪದಲ್ಲಿ ಲಿವರನ್ನು ತೂರಿಸಿ, ಎದುರು ಪಕ್ಕವನ್ನು ಮೊಣಕಾಲಿನಿಂದ ತಗ್ಗಿಗೆ ಅದುಮಿಟ್ಟುಕೊಂಡು, ಒಂದೆರಡು ಅಂಗುಲದಷ್ಟನ್ನೇ ಎತ್ತುತ್ತ ಮುಂದುವರಿಯಬೇಕು. ಟ್ಯೂಬಿದ್ದರೆ ಮೊದಲನೆಯ ಅಂಚು ಹೊರಬಂದೊಡನೆ ಅದನ್ನು ತೆಗೆದು, ಆಮೇಲೆ ಎರಡನೆಯ ಅಂಚನ್ನು ಬಿಡಿಸತಕ್ಕದ್ದು.

ಹೊಸ ಟಯರನ್ನು ಹಾಕುವ ಮೊದಲು ರಿಮ್ಮಿನ ತುಕ್ಕನ್ನು ಉಜ್ಜಿ ತೆಗೆಯಬೇಕು. ಟ್ಯೂಬಿಲ್ಲದ ಟಯರಾದರೆ ರಬ್ಬರಿನ ವಾಲ್ವನ್ನೂ ಹೊಸದಾಗಿ ಹಾಕುವುದು ಒಳ್ಳೆಯದು. ಅಂಚಿಗೆ ಸೋಪಿನ ನೀರನ್ನು ಸವರಿ, ಮೊದಲನೆಯ ಅಂಚನ್ನು ಕೈಯಿಂದಲೇ ಒತ್ತಿ ಇಳಿಸಬಹುದು. ಎರಡನೆಯ ಅಂಚನ್ನು ವಾಲ್ವಿನ ಎದುರಿನಿಂದ ಆರಂಭಿಸಿ, ಎರಡೂ ಕಡೆಗಳಿಂದ ಬಂದು ವಾಲ್ವಿನ ಬಳಿ ಮುಗಿಸಬೇಕು. ವಾಲ್ವು ಇರುವೆಡೆಯಲ್ಲಿ ಅಂಚು ತಗ್ಗಿಗೆ ಪೂರ್ತಿ ಇಳಿಯಲಾರದು. ಕೊನೆಯ ಬಿಗಿಯಾದ ಘಟ್ಟದಲ್ಲಿ ತಗ್ಗಿನ ಆಶ್ರಯ ಬೇಕಾದುದು ಎದುರು ಪಕ್ಕಕ್ಕೆ. ಇದೇ ಇದರ ಕಾರಣ.

ಗಾಳಿ ತುಂಬುವುದೇ ಎಲ್ಲಕ್ಕಿಂತ ಎಚ್ಚರವನ್ನು ಬೇಡುವ ಘಟ್ಟ. ಟ್ಯೂಬಿಲ್ಲದ ಟಯರಿಗೆ ಕಾಲಿನ ಪಂಪು ಹಲವು ವೇಳೆ ಸಾಲದು; ಅಂಚುಗಳ ಸಂದಿಯಿಂದ ಗಾಳಿ ಸೋರಿಹೋಗುವುದು. ಟಯರಿನ ಮೇಲ್ಮೈಯ ನಡುವೆ ಸುತ್ತಲೂ ಹಗ್ಗವನ್ನು ಕಟ್ಟಿ, ಕೋಲಿನಿಂದ ತಿರುಚಿ ಬಿಗಿದರೆ ಅಂಚುಗಳು ಹೊರಕ್ಕೆ ಸರಿದು ರಿಮ್ಮಿಗೆ ತಾಗುತ್ತವೆ. ಗಾಳಿ ಹಿಡಿದೊಡನೆ ಹಗ್ಗವನ್ನು ಬಿಚ್ಚಬೇಕು. ಆಗಲೂ ಆಗದಿದ್ದರೆ ಚಕ್ರವನ್ನು ಪೆಟ್ರೋಲು ಬಂಕಿಗೆ ಒಯ್ಯುವುದೇ ಸರಿ. ಅಂಚುಗಳು ಟಪ್ಪೆಂಬ ಶಬ್ದದೊಡನೆ ಸ್ವಸ್ಥಾನದಲ್ಲಿ ಕೂರುವಾಗ ಬೆರಳನ್ನಾಗಲಿ ಮುಖವನ್ನಾಗಲಿ ಹತ್ತಿರ ಇಡಬಾರದು. ಟಯರಿನ ಮೇಲೆ ಬರೆದಿರುವ ಮಿತಿಯನ್ನು ಮೀರಿ ಗಾಳಿ ತುಂಬಬಾರದು. ಅಂಚು ಕೂರದಿದ್ದರೆ ಗಾಳಿಯನ್ನು ತೆಗೆದು, ಸೋಪಿನ ನೀರನ್ನು ಮತ್ತೆ ಹಚ್ಚಬೇಕು. ಪೆಟ್ರೋಲನ್ನು ಚಿಮುಕಿಸಿ ಬೆಂಕಿ ತಾಗಿಸಿ ಅಂಚನ್ನು ಕೂರಿಸುವ ಸಾಹಸವನ್ನಂತೂ ಎಂದಿಗೂ ಮಾಡತಕ್ಕದ್ದಲ್ಲ. ಟಯರಿನ ಪಕ್ಕದಲ್ಲಿರುವ ತೆಳುಗೆರೆಯು ರಿಮ್ಮಿನಿಂದ ಸುತ್ತಲೂ ಸಮದೂರದಲ್ಲಿದ್ದರೆ ಕೆಲಸವು ಸರಿಯಾಯಿತೆಂದರ್ಥ. ಕಡೆಗೆ ವಾಹನದ ಕೈಪಿಡಿಯಲ್ಲಿ ಹೇಳಿರುವಷ್ಟು ಗಾಳಿಯನ್ನಿರಿಸಿ, ಸೋಪಿನ ನೀರನ್ನು ಸುರಿದು ಗುಳ್ಳೆಗಳು ಏಳುವುವೋ ನೋಡಬೇಕು.

ಹಳೆಯ ಬಜಾಜ್ ಚೇತಕ್ ಮೊದಲಾದ ಸ್ಕೂಟರುಗಳಿರುವ ಮನೆಗಳು ಇನ್ನೂ ಉಂಟು. ಅವುಗಳ ರಿಮ್ಮು ಎರಡು ಹೋಳುಗಳುಳ್ಳದ್ದು. ಹೋಳುಗಳನ್ನು ಬೇರ್ಪಡಿಸಿದರೆ ಲಿವರೇ ಬೇಡ. ಕೆಲಸ ಸುಲಭ, ಆದರೆ ಅಪಾಯವು ಇಲ್ಲಿಯೇ ಹೆಚ್ಚು. ಚಕ್ರವನ್ನು ಗಾಡಿಗೆ ಹಿಡಿದಿರುವ ನಟ್ಟುಗಳು ಬೇರೆ, ಹೋಳುಗಳನ್ನು ಒಂದುಗೂಡಿಸಿರುವ ನಟ್ಟುಗಳು ಬೇರೆ. ಗಾಳಿಯಿರುವಾಗಲೇ ಈ ಎರಡನೆಯವನ್ನು ಸಡಿಲಿಸಿದರೆ ಹೋಳುಗಳು ಸಿಡಿದು ಎದುರಿಗಿರುವವರನ್ನು ಗಾಯಗೊಳಿಸುವುವು. ಆದುದರಿಂದ ವಾಲ್ವಿನ ಪಿನ್ನನ್ನು ಕೈಯಲ್ಲಿ ಹಿಡಿದ ಮೇಲೆಯೇ ಸ್ಪ್ಯಾನರನ್ನು ಮುಟ್ಟುವುದೆಂದು ನಿಯಮ ಮಾಡಿಕೊಳ್ಳಿರಿ. ಮರಳಿ ಜೋಡಿಸುವಾಗ ಟ್ಯೂಬಿಗೆ ಟಾಲ್ಕಂ ಪೌಡರನ್ನು ಸವರಿ, ದುಂಡಗಾಗುವಷ್ಟೇ ಗಾಳಿಯನ್ನು ಹಾಕಿ, ಅದು ಹೋಳುಗಳ ನಡುವೆ ಸಿಕ್ಕಿಕೊಳ್ಳದಂತೆ ನೋಡಿ, ನಟ್ಟುಗಳನ್ನು ಒಂದಾದ ಮೇಲೆ ಅದರ ಎದುರಿನದು ಎಂಬಂತೆ ಸಮನಾಗಿ ಬಿಗಿಯಬೇಕು.

ಅಂಚಿನ ತಂತಿ ಹೊರಗೆ ಕಂಡರೆ, ರಿಮ್ಮು ಬಿರುಕುಬಿಟ್ಟಿದ್ದರೆ ಅಥವಾ ಸೊಟ್ಟಗಾಗಿದ್ದರೆ, ಆ ಭಾಗವನ್ನು ಬಳಸಲೇಬಾರದು. ಚಕ್ರವನ್ನು ಕೂರಿಸಿದ ಮೇಲೆ ನಟ್ಟುಗಳನ್ನೂ ಬ್ರೇಕನ್ನೂ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ಹೊಸ ಟಯರಿನ ಮೈ ನುಣುಪು. ಮೊದಲ 100 ಕಿಲೋಮೀಟರು ಮೆಲ್ಲನೆ ಹೋಗುವುದು ಲೇಸು.

ಇದನ್ನು ಕಲಿತವರೆಲ್ಲರೂ ಪಂಕ್ಚರು ಅಂಗಡಿಗೆ ಹೋಗುವುದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಅಲ್ಲಿಯ ಕೆಲಸಗಾರನು ಅಂಚನ್ನು ಹೇಗೆ ಇಳಿಸುತ್ತಾನೆ, ಗಾಳಿಯನ್ನು ಎಷ್ಟು ತುಂಬುತ್ತಾನೆ ಎಂಬುದನ್ನು ತಿಳಿದ ಕಣ್ಣಿನಿಂದ ನೋಡಬಲ್ಲವಳು, ತನ್ನ ಪ್ರಾಣವನ್ನು ಹೊತ್ತ ಚಕ್ರದ ವಿಷಯದಲ್ಲಿ ಪರಾಧೀನಳಲ್ಲ. ತನ್ನ ಕೈಯಲ್ಲಿ ಬಲವು ಕಡಿಮೆಯೆಂದು ಹಿಂಜರಿಯುವ ಬಾಲಿಕೆಯು ಎದುರು ಪಕ್ಕದ ಅಂಚನ್ನು ಒಮ್ಮೆ ತಗ್ಗಿಗೆ ಇಳಿಸಿ ನೋಡಲಿ. ಉಳಿದುದನ್ನು ಟಯರೇ ಅವಳಿಗೆ ಕಲಿಸುವುದು.