ಸಿ ಡ್ರೈವ್ ತುಂಬಿತೇ? ಫಾರ್ಮ್ಯಾಟ್‌ಗೆ ಅವಸರ ಬೇಡ

ಮನೆಯ ಕಂಪ್ಯೂಟರ್ ಈಗ ಮಕ್ಕಳಿಗಷ್ಟೇ ಸೇರಿದ್ದಲ್ಲ. ರಾಣೆಬೆನ್ನೂರಿನ ಮನೆಯಲ್ಲಿ ಬ್ಲೌಸ್ ಹೊಲಿಯುವವರ ಡಿಸೈನ್ ಫೋಟೊ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಡತಿ ನಡೆಸುವ ಯಜಮಾನರ ಲೆಕ್ಕ, ಹಾವೇರಿಯಲ್ಲಿ ಓದುವ ಮಗಳ ಮಾರ್ಕ್ಸ್ ಕಾರ್ಡ್, ಹೊಲದ ಪಹಣಿ, ಮದುವೆಯ ವಿಡಿಯೊ – ಎಲ್ಲಾ ಅದರೊಳಗೇ. ಅಂಥ ಕಂಪ್ಯೂಟರ್ ಒಂದು ದಿನ ಆಮೆಯಂತೆ ತೆವಳತೊಡಗುತ್ತದೆ. ಫೋಟೊ ಸೇವ್ ಆಗುವುದಿಲ್ಲ. ‘ಲೋ ಡಿಸ್ಕ್ ಸ್ಪೇಸ್’ ಎಂಬ ಎಚ್ಚರಿಕೆ ಪದೇ ಪದೇ ಇಣುಕುತ್ತದೆ. ರಿಪೇರಿಗೆ ಒಯ್ದರೆ, “ಸಿ ಫುಲ್ ಆಗೇತ್ರಿ ಅಕ್ಕಾರ, ಫಾರ್ಮ್ಯಾಟ್ ಹೊಡೀಬೇಕು” ಎಂಬ ಉತ್ತರ ಬಂದರೂ ಬರಬಹುದು.

ಸ್ವಲ್ಪ ತಡೀರಿ! ಫಾರ್ಮ್ಯಾಟ್ ಎಂದರೆ ಆ ಡ್ರೈವ್‌ನಲ್ಲಿರುವುದನ್ನೆಲ್ಲ ಅಳಿಸಿ ಹಾಕುವುದು. ಜಾಗ ತುಂಬಿದ ಮಾತ್ರಕ್ಕೆ ಅದು ಬೇಕಾಗಿಲ್ಲ. ಮನೆ ಓರಣ ಮಾಡಲು ಗೊತ್ತಿರುವ ನಿಮಗೆ ಈ ಕೆಲಸ ಕಷ್ಟವೇನಲ್ಲ.

ಪಡಸಾಲೆ ಭರ್ತಿ, ಒಳಕೋಣೆ ಖಾಲಿ

ಕಂಪ್ಯೂಟರಿನ ಡಿಸ್ಕ್ ಒಂದು ಮನೆ ಎಂದುಕೊಳ್ಳಿ. ನಡುವೆ ಗೋಡೆ ಎಬ್ಬಿಸಿ ಸಿ, ಡಿ ಎಂಬ ಎರಡು ಕೋಣೆ ಮಾಡಿರುತ್ತಾರೆ. ಇದೇ ಪಾರ್ಟಿಷನ್. ವಿಂಡೋಸ್ ಇರುವುದು ಸಿಯಲ್ಲಿ. ನೀವು ಬೇರೆ ಜಾಗ ತೋರಿಸದಿದ್ದರೆ ಡೆಸ್ಕ್‌ಟಾಪ್ ಮೇಲಿಟ್ಟದ್ದು, ಇಂಟರ್ನೆಟ್‌ನಿಂದ ಇಳಿಸಿಕೊಂಡದ್ದು ಎಲ್ಲವೂ ಅಲ್ಲೇ ಬಂದು ಬೀಳುತ್ತವೆ. ಮೆಣಸಿನಕಾಯಿ ಚೀಲಗಳನ್ನೆಲ್ಲ ಪಡಸಾಲೆಯಲ್ಲೇ ಒಟ್ಟಿದರೆ ಓಡಾಡುವುದಕ್ಕೂ ಜಾಗವಿರುವುದಿಲ್ಲ, ಅಲ್ಲವೇ? ವಿಂಡೋಸಿಗೂ ಅದೇ ಫಜೀತಿ. ಅತ್ತ ಡಿ ಮಾತ್ರ ಖಾಲಿ!

ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀ ಜೊತೆ ‘ಇ’ ಒತ್ತಿ, ‘ದಿಸ್ ಪಿಸಿ’ಗೆ ಹೋಗಿ. ಸಿ ಡ್ರೈವ್‌ನ ಪಟ್ಟಿ ಕೆಂಪಾಗಿದ್ದರೆ ಜಾಗ ಮುಗಿಯುತ್ತಾ ಬಂದಿದೆ ಎಂದರ್ಥ.

ದೊಡ್ಡವರಿಗೂ ತಪ್ಪಿದ್ದಲ್ಲ

ಇದು ನಮ್ಮಂಥವರ ಮನೆಯ ತೊಂದರೆ ಮಾತ್ರ ಎಂದುಕೊಳ್ಳಬೇಡಿ. 2023ರ ಆಗಸ್ಟ್ 29ರಂದು ಜಪಾನಿನಲ್ಲಿ ಟೊಯೊಟಾ ಕಂಪನಿಯ 14 ಕಾರ್ಖಾನೆಗಳಲ್ಲಿ ಕಾರು ತಯಾರಿಕೆ ನಿಂತಿತು. ಬಿಡಿಭಾಗಗಳ ಆರ್ಡರ್ ನೋಡಿಕೊಳ್ಳುವ ಸರ್ವರ್‌ಗಳ ಡಿಸ್ಕ್‌ನಲ್ಲಿ ಜಾಗ ಸಾಲದಾಗಿತ್ತು ಎಂದು ಕಂಪನಿಯೇ ಆಮೇಲೆ ತಿಳಿಸಿತು. ಬದಲಿ ವ್ಯವಸ್ಥೆ ಏನೋ ಇತ್ತು. ಆದರೆ ಅದೂ ಅದೇ ವ್ಯವಸ್ಥೆಯೊಳಗೇ ಇದ್ದುದರಿಂದ ಜೊತೆಯಲ್ಲೇ ಕೈಕೊಟ್ಟಿತು. ಮಾಹಿತಿಯನ್ನು ಹೆಚ್ಚು ಜಾಗವಿರುವ ಸರ್ವರ್‌ಗೆ ಸಾಗಿಸಿದ ಮೇಲೆ ಮರುದಿನ ಕಾರ್ಖಾನೆಗಳು ಶುರುವಾದವು.

ನಮಗೆ ಇದರಲ್ಲಿ ಒಂದು ಪಾಠವಿದೆ. ಸಿಯಿಂದ ಡಿಗೆ ಸಾಗಿಸಿದರೆ ಜಾಗವಾಗುತ್ತದೆ, ನಿಜ. ಆದರೆ ಎರಡೂ ಒಂದೇ ಡಿಸ್ಕ್‌ನ ಭಾಗವಾಗಿದ್ದರೆ, ಡಿಸ್ಕ್ ಕೆಟ್ಟ ದಿನ ಎರಡೂ ಹೋಗುತ್ತವೆ. ಆದ್ದರಿಂದ ಏನನ್ನೂ ಅಳಿಸುವ ಮುನ್ನ ಮುಖ್ಯವಾದ ಫೋಟೊ, ಕಾಗದಪತ್ರಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ, ತೆಗೆದು ಬೀರುವಿನಲ್ಲಿಡಿ. ಯಜಮಾನರ ಲೆಕ್ಕ ಟ್ಯಾಲಿಯಲ್ಲಿದ್ದರೆ ಅದರ ಫೋಲ್ಡರ್ ಎಳೆದಾಡಬೇಡಿ. ಟ್ಯಾಲಿಯೊಳಗೇ ಬ್ಯಾಕಪ್ ತೆಗೆಯುವ ಸೌಲಭ್ಯವಿದೆ.

ಓರಣ ಮಾಡುವುದು ಹೀಗೆ

1. ಕಸದ ಬುಟ್ಟಿ: ಡಿಲೀಟ್ ಮಾಡಿದ್ದು ತಕ್ಷಣ ಹೋಗುವುದಿಲ್ಲ. ಸಾಮಾನ್ಯವಾಗಿ ರಿಸೈಕಲ್ ಬಿನ್‌ನಲ್ಲಿ ಕುಳಿತು ಅಷ್ಟೇ ಜಾಗ ತಿನ್ನುತ್ತಿರುತ್ತದೆ. ಒಳಗೊಮ್ಮೆ ಕಣ್ಣಾಡಿಸಿ, ಆಮೇಲೆ ಖಾಲಿ ಮಾಡಿ.

2. ತಾತ್ಕಾಲಿಕ ಫೈಲುಗಳು: ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ – ಹೀಗೆ ಒಂದೊಂದಾಗಿ ತೆರೆಯಿರಿ. ಯಾವುದು ಎಷ್ಟು ಜಾಗ ಹಿಡಿದಿದೆ ಎಂಬ ಲೆಕ್ಕ ಅಲ್ಲೇ ಸಿಗುತ್ತದೆ. ‘ಟೆಂಪರರಿ ಫೈಲ್ಸ್’ ಒತ್ತಿದರೆ ತೆಗೆಯಬಹುದಾದವುಗಳ ಪಟ್ಟಿ ಬರುತ್ತದೆ. ಎಚ್ಚರ! ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ. ಅದು ಕಸವಲ್ಲ, ನಿಮ್ಮದೇ ಫೈಲುಗಳು. ಅದಕ್ಕೆ ಟಿಕ್ ಹಾಕಬೇಡಿ.

3. ಹಳೆಯ ವಿಂಡೋಸ್: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯದನ್ನು ಉಳಿಸಿಕೊಂಡೇ 11ಕ್ಕೆ ಏರಿದವರ ಸಿ ಡ್ರೈವ್‌ನಲ್ಲಿ ಹಳೆಯ ವಿಂಡೋಸ್ ಸಾಮಾನ್ಯವಾಗಿ 10 ದಿನ ಹಾಗೇ ಇರುತ್ತದೆ, ಹಲವು ಜಿಬಿ ಜಾಗ ಹಿಡಿದುಕೊಂಡು. ಹೊಸದು ಸರಿಯಾಗಿ ನಡೆಯುತ್ತಿದ್ದರೆ ಮೇಲಿನ ಪಟ್ಟಿಯಿಂದಲೇ ಅದನ್ನು ತೆಗೆಯಬಹುದು. ತೆಗೆದ ಮೇಲೆ ಹಳೆಯದಕ್ಕೆ ಮರಳಲಾಗದು.

4. ಡಬಲ್ ಫೈಲುಗಳು: ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಒಂದೇ ಅರ್ಜಿ, ಒಂದೇ ಬಿಲ್ ಮೂರು ಮೂರು ಸಲ ಇಳಿದಿರುತ್ತದೆ. ಹೆಸರಿನ ಕೊನೆಗೆ 1, 2 ಎಂಬ ಅಂಕಿ ಇದ್ದರೆ ತೆರೆದು ನೋಡಿ ತೆಗೆಯಿರಿ. ಗಾತ್ರದ ಪ್ರಕಾರ ಜೋಡಿಸಿದರೆ ದೊಡ್ಡ ವಿಡಿಯೊಗಳು ಮೇಲೆ ಬರುತ್ತವೆ.

5. ಡಿಗೆ ಸಾಗಣೆ: ಫೋಟೊ, ವಿಡಿಯೊಗಳನ್ನು ‘ಕಟ್’ ಮಾಡಬೇಡಿ, ‘ಕಾಪಿ’ ಮಾಡಿ ಡಿಯಲ್ಲಿ ಪೇಸ್ಟ್ ಮಾಡಿ. ನಡುವೆ ಕರೆಂಟ್ ಹೋದರೂ ಮೂಲ ಪ್ರತಿ ಇದ್ದಲ್ಲೇ ಇರುತ್ತದೆ. ನಾಲ್ಕೈದು ಫೈಲ್ ತೆರೆದು ನೋಡಿ, ಸರಿಯಿದ್ದರೆ ಸಿಯಲ್ಲಿರುವುದನ್ನು ಅಳಿಸಿ. ಆಮೇಲೆ ರಿಸೈಕಲ್ ಬಿನ್ ಮತ್ತೊಮ್ಮೆ ಖಾಲಿ ಮಾಡಲು ಮರೆಯಬೇಡಿ. ಇಲ್ಲದಿದ್ದರೆ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ!

6. ಮತ್ತೆ ತುಂಬದಂತೆ: ಡೌನ್‌ಲೋಡ್ಸ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ‘ಲೊಕೇಶನ್’ಗೆ ಹೋಗಿ. ಮೊದಲೇ ಡಿಯಲ್ಲಿ ಒಂದು ಹೊಸ ಫೋಲ್ಡರ್ ಮಾಡಿಟ್ಟುಕೊಂಡು, ‘ಮೂವ್’ ಒತ್ತಿ ಅದನ್ನು ತೋರಿಸಿ. ಇನ್ನು ಇಳಿಸಿಕೊಂಡದ್ದು ಅಲ್ಲಿಗೇ ಹೋಗುತ್ತದೆ.

ಇವನ್ನು ಮಾಡಲೇಬೇಡಿ

* ಜಾಗ ಬೇಕೆಂದು ‘ವಿಂಡೋಸ್’, ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರುಗಳಿಗೆ ಕೈ ಹಾಕಬೇಡಿ. ಕಂಪ್ಯೂಟರ್ ಆನ್ ಆಗದೇ ಹೋಗಬಹುದು.

* ‘ಒಂದೇ ಕ್ಲಿಕ್‌ಗೆ ಕ್ಲೀನ್’ ಎನ್ನುವ ಜಾಹೀರಾತು ನಂಬಿ ಕಂಡ ಕಂಡ ಸಾಫ್ಟ್‌ವೇರ್ ಹಾಕಬೇಡಿ. ಕಂಪನಿಯವರು ಎಂದು ಯಾರೋ ಫೋನ್ ಮಾಡಿ, ನಿಮ್ಮ ಕಂಪ್ಯೂಟರನ್ನು ದೂರದಿಂದಲೇ ಸರಿ ಮಾಡುತ್ತೇವೆ ಎಂದರೆ ಫೋನ್ ಇಟ್ಟುಬಿಡಿ.

* ಸಿ–ಡಿ ನಡುವಿನ ಗೋಡೆ ಸರಿಸಿ ಸಿಯನ್ನು ದೊಡ್ಡದು ಮಾಡಲು ಸಾಧ್ಯವಿದೆ. ಆದರೆ ಬಲ್ಲವರಿಂದಲೇ ಮಾಡಿಸಿ, ಅದೂ ಬ್ಯಾಕಪ್ ಆದ ನಂತರ.

ಅಂಗಡಿಗೆ ಒಯ್ಯಲೇಬೇಕಾದರೆ

ಇಷ್ಟೆಲ್ಲ ಮಾಡಿದ ಮೇಲೂ ಜಾಗ ಸಾಲದಿದ್ದರೆ ದೊಡ್ಡ ಡಿಸ್ಕ್ ಹಾಕಿಸಬೇಕಾದೀತು. ಹಾರ್ಡ್‌ಡಿಸ್ಕ್ ‘ಟಕ್ ಟಕ್’ ಎನ್ನುತ್ತಿದ್ದರೆ, ಫೈಲ್ ತೆರೆಯದಿದ್ದರೆ ಅದು ಜಾಗದ ತೊಂದರೆಯಲ್ಲ, ಡಿಸ್ಕೇ ಕೆಡುತ್ತಿರಬಹುದು. ಮತ್ತೆ ಮತ್ತೆ ಆನ್ ಮಾಡದೆ ಬಲ್ಲವರಲ್ಲಿಗೆ ಒಯ್ಯಿರಿ.

ಯಾವ ಯಾವ ಫೋಲ್ಡರ್ ಉಳಿಯಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. “ಬ್ಯಾಕಪ್ ತಗೊಂಡೀರಾ? ಎಲ್ಲಿ, ತೋರಿಸ್ರಿ” ಎಂದು ಕೇಳಲು ಸಂಕೋಚ ಬೇಡ. ನಿಮ್ಮ ಹಳೆಯ ಪತ್ರ, ಹಾಡಿನ ಸಂಗ್ರಹ ನುಡಿ ಅಥವಾ ಬರಹದ ಹಳೆಯ ಅಕ್ಷರಗಳಲ್ಲಿದ್ದರೆ ಆ ತಂತ್ರಾಂಶವನ್ನೂ ಮತ್ತೆ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಫೈಲ್ ಉಳಿದರೂ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣಿಸುತ್ತವೆ.

ತಿಂಗಳಿಗೊಮ್ಮೆ ಡಬ್ಬಿಗಳನ್ನು ಇಳಿಸಿ ಒರೆಸಿಡುವಂತೆ ಕಂಪ್ಯೂಟರಿಗೂ ಅರ್ಧ ಗಂಟೆ ಕೊಡಿ. ಅದೇ ದಿನ ಬೀರುವಿನ ಪೆನ್‌ಡ್ರೈವ್ ತೆಗೆದು ಹೊಸ ಫೋಟೊಗಳನ್ನೂ ಸೇರಿಸಿ. ಕಂಪ್ಯೂಟರ್ ಹೋದರೆ ಇನ್ನೊಂದು ಕೊಳ್ಳಬಹುದು. ಮಗುವಿನ ಮೊದಲ ಹುಟ್ಟುಹಬ್ಬದ ವಿಡಿಯೊ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.